ತೊಳೆದ ಇಕ್ಕಳ

ಇವತ್ತು ನಮ್ಮ ದೊಡ್ಡಮ್ಮನ ತಲೆ ಕಾದ ಹಂಚು ಕಣ್ರೋ. ಹಲ್ಲಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇಕ್ಕಳ, ಚಿಮಟ, ಬಾಯಿಗನ್ನಡಿ ಎಲ್ಲ ತೊಳೆದು, ಪೊಟ್ಟಣ ಕಟ್ಟಿ, ಕ್ರಿಮಿ ಸಾಯಿಸೋ ಹಬೆ ಮೆಷಿನ್‌ಗೆ ಹಾಕೋ ಕೆಲಸ ಅವಳದು. ಪೊಟ್ಟಣಕ್ಕೆ ಅಂಟಿಸಿದ ಟೇಪಲ್ಲಿ, ಹಬೆ ಸರಿಯಾಗಿ ತಗುಲಿದೆ ಅನ್ನೋ ಕಪ್ಪು ಗೆರೆ ಮೂಡೋವರೆಗೂ ಡಾಕ್ಟರಿಗೂ ಮುಟ್ಟೋಕೆ ಬಿಡಲ್ಲ.

ಬೆಳಿಗ್ಗೆ ಮೊದಲ ಪೇಷಂಟ್ ಎದ್ದು ಹೋದ ಮೇಲೆ ಮೆಷಿನ್ ಕೈ ಕೊಡ್ತು. ಹೊರಗೆ ಹನ್ನೊಂದು ಜನ ಕೆನ್ನೆ ಹಿಡ್ಕೊಂಡು ಕೂತಿದ್ರು. ಮ್ಯಾನೇಜರ್ ಬಂದು ರಿಜಿಸ್ಟರ್ ಮುಂದಕ್ಕೆ ತಳ್ಳಿದ.

"ಸೋಪು ಹಾಕಿ ತೊಳ್ದಿದೀರಲ್ಲಮ್ಮಾ, ಪಳಪಳ ಅಂತಿದೆ. ಸ್ಟೆರಿಲೈಸ್ ಆಗಿದೆ ಅಂತ ಬರೆದು ಸೈನ್ ಹಾಕಿ."

"ಆಗಿರೋದು ಬರೀ ಕ್ಲೀನ್ ಸಾರ್. ಕ್ಲೀನ್ ಮಾಡಿದ್ರೆ ಕೊಳೆ ಹೋಗುತ್ತೆ. ಸ್ಟೆರಿಲೈಸ್ ಮಾಡಿದ್ರೆ ಕಣ್ಣಿಗೆ ಕಾಣದ ಕ್ರಿಮಿನೂ ಸಾಯುತ್ತೆ."

"ನೀವೇನು ಇಂಗ್ಲಿಷ್ ಮೇಡಮ್ಮಾ? ಎರಡೂ ಒಂದೇ ಬಿಡಿ."

ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯ್ತು. ಇಕ್ಕಳ ಎತ್ತಿ ಅವನ ಮೂಗಿನ ಮುಂದೆ ಹಿಡಿದ್ಲು.

"ಒಂದೇನಾ? ಇದು ಈಗಷ್ಟೇ ಯಾರದೋ ವಸಡಿನ ರಕ್ತದಲ್ಲಿ ಮುಳುಗಿತ್ತು. ಬಾಯಿ ತೆಗೀರಿ, ಮೊದಲು ನಿಮಗೇ ಹಾಕ್ತೀನಿ!"

ಮ್ಯಾನೇಜರ್ ತುಟಿ ಗಟ್ಟಿಯಾಗಿ ಮುಚ್ಕೊಂಡ. ಆಮೇಲೆ ಹಲ್ಲು ಕಡಿದು ಹೇಳಿದ, "ಸೈನ್ ಹಾಕದಿದ್ರೆ ನಾಳೆಯಿಂದ ಬರಬೇಡಿ."

ದೊಡ್ಡಮ್ಮ ಇಕ್ಕಳ ಹಿಡ್ಕೊಂಡೇ ಸೀದಾ ಹೊರಗೆ ಹೋದ್ಲು. "ಕೇಳಿ ಎಲ್ಲಾರೂ! ಮೆಷಿನ್ ಕೆಟ್ಟಿದೆ. ಇದು ಬರೀ ತೊಳೆದಿರೋ ಇಕ್ಕಳ. ಯಾರ ಬಾಯಿಗೆ ಬೇಕು?"

ಹನ್ನೊಂದು ಜನಾನೂ ಎದ್ದು ಮ್ಯಾನೇಜರನ್ನ ಸುತ್ತುವರಿದ್ರು. ಕೆನ್ನೆ ಊದಿದ್ದ ತಾತ ಒಬ್ರು ಅರ್ಧ ಬಾಯಲ್ಲೇ ಗುಡುಗಿದ್ರು, "ರಿಪೇರಿಯವನನ್ನ ಕರೆಸ್ತೀಯೋ ಇಲ್ವೋ?"

ಅವನು ಜೇಬಲ್ಲಿ ಫೋನ್ ಹುಡುಕೋಕೆ ಶುರು ಮಾಡಿದ.