ಧೂಪದ ಮರದ ಎಲೆ

ನನ್ನ ಅಬ್ಬಾ ಶಿರಸಿಯಲ್ಲಿ ಹದಿನೈದು ವರ್ಷ ನಾಟಾ ಲಾರಿ ಓಡಿಸಿದವರು. ಸಿದ್ದಾಪುರ, ಯಲ್ಲಾಪುರದ ಕಾಡಿನಲ್ಲಿ ಕಡಿದ ದಿಮ್ಮಿಗಳನ್ನು ಪ್ಲೈವುಡ್ ಕಾರ್ಖಾನೆಗೆ ಸಾಗಿಸುತ್ತಿದ್ದರು. ನಮ್ಮ ಮನೆ ಎದ್ದದ್ದು, ನಾವು ಮಕ್ಕಳು ಶಾಲೆಯ ಮುಖ ಕಂಡದ್ದು ಆ ದುಡಿಮೆಯಿಂದ. ಸರ್ಕಾರ ಹಸಿ ಮರ ಕಡಿಯುವುದನ್ನು ನಿಲ್ಲಿಸಿದ ಮೇಲೆ ಸಿಮೆಂಟು, ಬಾಳೆಕಾಯಿ ಹೇರಿದರು. ಕಾಡಿನ ಕಡೆ ಮತ್ತೆ ತಲೆ ಹಾಕಲಿಲ್ಲ.

ಕಳೆದ ಜನವರಿಯಲ್ಲಿ ನಾನು ಕಲಿಸುವ ಹೈಸ್ಕೂಲಿನ ಮಕ್ಕಳನ್ನು ಸಿದ್ದಾಪುರ ತಾಲೂಕಿನ ಒಂದು ರಕ್ಷಿತ ಕಾಡಿಗೆ ಕರೆದೊಯ್ದಿದ್ದೆ. ಕೊಡಲಿ ಬೀಳದ ಹಳೆಯ ಕಾಡು. ಮನೆಗೆ ಬಂದು ಅದರ ಸುದ್ದಿ ಹೇಳಿದಾಗ, ಅಲ್ಲಿ ಧೂಪದ ಮರ ಇನ್ನೂ ಇದೆಯೇ ಎಂದು ಅಬ್ಬಾ ಕೇಳಿದರು. ಇದೆ ಎಂದೆ. ಭಾನುವಾರ ನಾನು ಏಳುವಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಗೆ ಕುಳಿತಿದ್ದರು.

ಅಲ್ಲಿನ ಅರಣ್ಯ ವಾಚರ್ ಐವತ್ತು ದಾಟಿದ ಮನುಷ್ಯ. ಅಬ್ಬಾರ ಮಂಡಿನೋವು ನೋಡಿ ಅವರು ತಮ್ಮ ಕೋಲನ್ನೇ ಕೊಟ್ಟರು. ಹಳ್ಳದಂಚಿನ ಕೆಸರಿನಲ್ಲಿ ಬೇರುಗಳು ಮೇಲೆದ್ದು ಬಾಗಿ ನಿಂತಿದ್ದವು. ಅವನ್ನು ದಾಟಿಸುವಾಗ ಕೈ ಹಿಡಿದುಕೊಂಡರು. ಒಂದು ದೊಡ್ಡ ಧೂಪದ ಮರದ ಕಾಂಡದಲ್ಲಿ ಗಟ್ಟಿಯಾಗಿದ್ದ ಅಂಟನ್ನು ಅಬ್ಬಾ ಮೂಸಿ ನೋಡಿದರು. ತಲೆಯೆತ್ತಿ ತುದಿ ಹುಡುಕಿದರು, ಕಾಣಲಿಲ್ಲ.

“ಇಂಥವು ನೂರಾರು ಹೇರಿದೀನಿ,” ಎಂದರು ವಾಚರ್‌ಗೆ. “ಎಲ್ಲಾ ಮಲಗಿದ್ದವೇ. ಇದರ ಎಲೆ ಹೆಂಗಿರ್ತದೆ ಅಂತ ಗೊತ್ತಿಲ್ಲ ನಂಗೆ.”

ಕಾಡು ಕಾಯುವವರ ಮುಂದೆ ಅದನ್ನು ಹೇಳಬೇಕಿತ್ತೇ ಎಂದು ನನಗೆ ಮುಜುಗರವಾಯಿತು. ವಾಚರ್ ಮರದ ಕಾಂಡದ ಮೇಲೆ ಕೈಯಿಟ್ಟು ಹೇಳಿದರು:

“ನಮ್ಮಪ್ಪ ಕೊಡ್ಲಿ ಹಿಡ್ಕಂಡು ಇದೇ ಕೆಲ್ಸಕ್ಕೆ ಹೋಗ್ತಿದ್ದ, ಸಾಹೇಬ್ರೆ. ಅಂವ ಕಡ್ದಿದ್ದನ್ನೇ ನೀವು ಹೇರಿರ್ಬೌದು.”

ಆಮೇಲೆ ಇಬ್ಬರೂ ಬಂಡೆಯ ಮೇಲೆ ಕುಳಿತು ಆ ಕಾಲದ ಮರ ಕಡಿಯುವ ಕೂಪು, ಅಲ್ಲಿನ ಚಹಾ, ಘಟ್ಟದಲ್ಲಿ ಬ್ರೇಕು ಹಿಡಿಯದ ಲಾರಿಗಳ ಕತೆ ತೆಗೆದರು. ನಾನು ಅಲ್ಲಿರುವುದನ್ನೇ ಮರೆತರು. ಏಳುವ ಮೊದಲು ವಾಚರ್ ಉದುರಿದ ಎಲೆಯೊಂದನ್ನು ಹೆಕ್ಕಿ ಕೊಟ್ಟರು. ಅಂಗೈಗಿಂತ ಉದ್ದದ ದಪ್ಪ ಎಲೆ. ಅಬ್ಬಾ ಎರಡೂ ಮಗ್ಗುಲು ತಿರುಗಿಸಿ ನೋಡಿ, ಇಲ್ಲಿಂದ ಏನನ್ನೂ ಒಯ್ಯಬಾರದಲ್ಲ ಎಂದು ಬುಡದಲ್ಲೇ ಇಟ್ಟರು.

ಗೇಟಿನ ಬಳಿ ಅಬ್ಬಾ ವಾಚರ್ ಅವರ ಎರಡೂ ಕೈ ಹಿಡಿದು, “ಉಳಿಸ್ಕೊಂಡಿದೀರಲ್ಲ, ದೊಡ್ಡ ಉಪಕಾರ ಆಯ್ತು,” ಎಂದರು. ವಾಚರ್‌ಗೆ ನಾಚಿಕೆಯಾಯಿತೇನೋ, ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಬನ್ನಿ, ಆಮೇಲೆ ರಕ್ತ ಹೀರುವ ಉಂಬಳದ ಕಾಟ ಎಂದಷ್ಟೇ ಹೇಳಿದರು.

ಮಾರ್ಚಿನಲ್ಲಿ ಹೋದೆವು. ಅಮ್ಮಿಯೂ ಬಂದರು, ವಾಚರ್‌ಗೆಂದು ಡಬ್ಬಿ ತುಂಬ ಶಾವಿಗೆ ಪಾಯಸ ಹಿಡಿದುಕೊಂಡು. ಧೂಪದ ಮರ ಬಿಳಿ ಹೂ ಬಿಟ್ಟಿತ್ತು.