ಟೀವಿಯಲ್ಲಿ ಬಂದ ಮೊಮ್ಮಗಳು

ವರ್ನಾ ಹೆನ್ಸ್ಲಿ ಅಮೆರಿಕದ ಮಿಸ್ಸೂರಿ ರಾಜ್ಯದ ಒಂದು ಸಣ್ಣ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಬಡಿಸಿಯೇ ಮುದುಕಿಯಾದವಳು. ಸಿಗರೇಟು ಸೇದಿ ಸೇದಿ ಕ್ಯಾನ್ಸರಿಗೆ ಗಂಟಲು ಕಳೆದುಕೊಂಡಳು. ಡಾಕ್ಟರು ಧ್ವನಿಪೆಟ್ಟಿಗೆ ತೆಗೆದು ಕತ್ತಿನಲ್ಲೊಂದು ತೂತು ಉಳಿಸಿದರು. ಮಾತಾಡಬೇಕೆಂದರೆ ಟಾರ್ಚಿನಂಥ ಯಂತ್ರವನ್ನು ಕತ್ತಿಗೆ ಒತ್ತಿ ಹಿಡಿಯಬೇಕು. ಜೀರುಂಡೆ ಮಾತಾಡಿದಂತೆ ಕೇಳಿಸುತ್ತದೆ. ಆ ದನಿಗೆ ಹೆದರದೆ ನಗುತ್ತಿದ್ದವಳು ಆರು ವರ್ಷದ ಮೊಮ್ಮಗಳು ಜೋಸಿ ಒಬ್ಬಳೇ. ಅವಳು ಬರುವ ಭಾನುವಾರಕ್ಕಾಗಿಯೇ ವರ್ನಾ ಬದುಕಿದ್ದಳೆಂದರೆ ಸುಳ್ಳಲ್ಲ.

ಆ ವರ್ಷ ಸಿಗರೇಟಿನ ಮೇಲೆ ತೆರಿಗೆ ಏರಿಸಬೇಕೇ ಬೇಡವೇ ಎಂದು ಇಡೀ ರಾಜ್ಯದ ಜನ ಮತ ಹಾಕಬೇಕಿತ್ತು. ಏರಿಸಿ ಎನ್ನುವ ಕಡೆಯವರು ವರ್ನಾಳನ್ನು ಜಾಹೀರಾತಿಗೆ ಕೂರಿಸಿದರು. ಕಟ್ಟಿಸಿದ ಹಲ್ಲು ತೆಗೆಸಿದರು, ಕತ್ತಿನ ಬಟ್ಟೆ ಬಿಚ್ಚಿಸಿದರು. ನಾಳಿನ ಮಕ್ಕಳಾದರೂ ಸೇದದೆ ಉಳಿಯಲಿ ಎಂದು ಅವಳು ಎಲ್ಲಕ್ಕೂ ಒಪ್ಪಿದಳು. ವಾರ ಕಳೆದು ಪ್ರಚಾರದ ಉಸ್ತುವಾರಿ ಬ್ರೆಂಟ್ ಮನೆಗೆ ಬಂದ.

“ಬೇಜಾರು ಮಾಡ್ಕೋಬೇಡಿ ಮೇಡಂ. ಒಂದಷ್ಟು ಜನರನ್ನ ಕೂರಿಸಿ ಜಾಹೀರಾತು ತೋರಿಸಿದ್ವಿ. ನಿಮ್ಮನ್ನ ನೋಡಿ ಯಾರಿಗೂ ಅಯ್ಯೋ ಅನ್ನಿಸ್ಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತಾರೆ.” ಹಾಗೆನ್ನುತ್ತಲೇ ಗೋಡೆಯ ಫೋಟೋ ನೋಡಿದ. “ಈ ಮಗು ಯಾರು?”

“ಮೊಮ್ಮಗಳು. ಪಾಪ, ಹುಟ್ಟಿದಾಗಿಂದ ಉಬ್ಬಸ,” ಎಂದಳು ವರ್ನಾ.

ಬ್ರೆಂಟನ ಮುಖ ಅರಳಿತು. ಜಾಹೀರಾತಿಗೆ ಈ ಮಗುವೇ ಬೇಕೆಂದ. ವರ್ನಾಳ ಮಗಳು, ಜೋಸಿಯ ತಾಯಿ ಕೆಂಡ್ರಾ ಸುತರಾಂ ಒಲ್ಲೆ ಎಂದಳು. ಒಪ್ಪಿಸಿದವಳು ವರ್ನಾಳೇ. “ಒಳ್ಳೇ ಕೆಲಸಕ್ಕಲ್ವೇನೆ? ಎರಡು ಮಾತು ಹೇಳಿದ್ರೆ ಮಗು ಏನ್ ಸವೆದು ಹೋಗಲ್ಲ.”

ಮಗು ಹೇಳಲೆಂದು ಬ್ರೆಂಟ್ ಬರೆದುಕೊಟ್ಟ ಮಾತು ಇದು: “ಅಜ್ಜಿ ನನ್ನ ಮುಂದೇನೇ ಸಿಗರೇಟು ಸೇದ್ತಿದ್ರು. ಅದಕ್ಕೇ ನನಗೆ ಉಸಿರು ಕಟ್ಟುತ್ತೆ.” ಶುದ್ಧ ಸುಳ್ಳು. ಸೇದುತ್ತಿದ್ದ ಕಾಲದಲ್ಲೂ ಮಗು ಬಂದರೆ ವರ್ನಾ ಹಿಮದಲ್ಲಿ ನಡುಗುತ್ತ ಬೇಲಿಯಾಚೆ ನಿಂತು ಸೇದಿದವಳು. ಆದರೂ ನುಂಗಿಕೊಂಡಳು. ಅಷ್ಟೇ ಅಲ್ಲ, ಜೋಸಿ ತಪ್ಪಿದಾಗಲೆಲ್ಲ ತೊಡೆಯ ಮೇಲೆ ಕೂರಿಸಿಕೊಂಡು ಮತ್ತೆ ಮತ್ತೆ ಹೇಳಿಸಿದಳು, ಸರಿಯಾಗಿ ಹೇಳಿದಾಗ ಚಾಕಲೇಟು ಕೊಟ್ಟಳು. ತಮ್ಮ ಕೈಯಾರೆ ಇಷ್ಟು ಅಚ್ಚುಕಟ್ಟಾಗಿ ಮನೆಗೆ ಬೆಂಕಿ ಇಟ್ಟುಕೊಂಡವರನ್ನು ನಾನು ಕಂಡಿಲ್ಲ.

ಜಾಹೀರಾತು ಟೀವಿಯಲ್ಲಿ ಸಂಜೆ ಸಂಜೆ ಬಂತು. ಚರ್ಚಿನಲ್ಲಿ ವರ್ನಾಳ ಪಕ್ಕದ ಜಾಗ ಖಾಲಿಯಾಯಿತು. ಇಷ್ಟಾದರೂ ಮತದ ದಿನ ತೆರಿಗೆ ಏರಿಸುವ ಪ್ರಸ್ತಾವ ಮಕಾಡೆ ಮಲಗಿತು. ಆ ಸೀಮೆಯವರಿಗೆ ಕ್ಯಾನ್ಸರಿಗಿಂತ ತೆರಿಗೆಯ ಭಯವೇ ಹೆಚ್ಚು. ಸೇದದವರೂ ಬೇಡವೆಂದೇ ಗುರುತು ಹಾಕಿದ್ದರು. ಬ್ರೆಂಟ್ ಒಂದು ಫೋನೂ ಮಾಡಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ವರ್ನಾ ಟರ್ಕಿ ಕೋಳಿ ಬೇಯಿಸಿ, ಕುಂಬಳಕಾಯಿ ಹೂರಣದ ಸಿಹಿ ಪೈ ಮಾಡಿ ಕಾದಳು. ಕೆಂಡ್ರಾಳ ಜೊತೆ ಬಂದ ಜೋಸಿ ಹೊಸ್ತಿಲಾಚೆಯೇ ನಿಂತು, ಅಂಗಿಯನ್ನು ಮೂಗಿನವರೆಗೆ ಎಳೆದುಕೊಂಡಳು.

“ಬಾ ಮರಿ,” ಎಂದಳು ವರ್ನಾ.

“ಬರಲ್ಲ. ಉಸಿರು ಕಟ್ಟುತ್ತೆ. ನಿನ್ನಿಂದಾನೇ ನನಗೆ ಹಿಂಗಾಗಿದ್ದು.”

“ಅದು ಟೀವಿಗೆ ಹೇಳಿದ್ದು ಕಣೇ. ಸುಳ್ಳು.”

“ನೀನೇ ಹೇಳಿಕೊಟ್ಟಿದ್ದಲ್ವಾ? ಸುಳ್ಳು ಯಾಕೆ ಹೇಳಿಕೊಡ್ತೀಯ?”

ನೀನಾದರೂ ಹೇಳೇ ಎಂಬಂತೆ ವರ್ನಾ ಮಗಳ ಮುಖ ನೋಡಿದಳು. ಕೆಂಡ್ರಾ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುವುತ್ತಿದ್ದಳು. “ಬಲವಂತ ಮಾಡ್ಬೇಡಮ್ಮ. ಪೈ ಕಟ್ಟಿಕೊಡು, ಕಾರಲ್ಲೇ ತಿಂತಾಳೆ.”

“ನನಗೆ ಬೇಡ,” ಎಂದಿತು ಮಗು. “ಅಜ್ಜಿ ಮುಟ್ಟಿದ್ದು ಬೇಡ.”