ಪಂಚಮಿಗೆ ಬಂದ ಲಾರಿ ಎಂಜಿನ್ನಿನ ದೋಣಿ

ನನ್ನ ಮದುವೆಯಾದ ವರ್ಷದ ಮಾತು. ಮೊದಲ ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗಲೇಬೇಕು. ಜೋಕಾಲಿ ಜೀಕಬೇಕು, ಶೇಂಗಾ ಉಂಡಿ ತಿನ್ನಬೇಕು. ಆದರೆ ತವರಿನವರು ಕರೆಯಲು ಬರಬೇಕು, ತಾನಾಗಿ ಹೋಗುವಂತಿಲ್ಲ. ನಾನಿದ್ದದ್ದು ದಡ್ಡಿ ಎಂಬ ಊರಿನ ಕಡೆ, ತವರು ಘಟಪ್ರಭೆಯ ಆಚೆ ದಡದಲ್ಲಿ. ಅಪ್ಪ ಅಲ್ಲಿ ದೋಣಿ ನಡೆಸುತ್ತಿದ್ದ. ಶ್ರಾವಣದಲ್ಲಿ ಹೊಳೆ ತುಂಬಿದರೆ ಹುಟ್ಟಿನ ಆಟ ನಡೆಯುತ್ತಿರಲಿಲ್ಲ, ದೋಣಿ ದಂಡೆಯ ಮೇಲೆ ಬೋರಲು ಬೀಳುತ್ತಿತ್ತು.

"ಈ ವರ್ಷ ನಿನ್ನ ಪಂಚಮಿ ಇಲ್ಲೇ ಬಿಡವ್ವಾ" ಎಂದರು ಅತ್ತೆ. ನನಗೆ ಮೈಯೆಲ್ಲ ಉರಿಯಿತು.

ಅಪ್ಪ ಸುಮ್ಮನೆ ಕೂರುವ ಆಸಾಮಿಯೇ? ಗೋಕಾಕದ ಗುಜರಿಯಲ್ಲಿ ಬಿದ್ದಿದ್ದ ಲಾರಿಯೊಂದರ ಎಂಜಿನ್ನನ್ನು ಗೇರುಪೆಟ್ಟಿಗೆ ಸಮೇತ ಚಕ್ಕಡಿಯಲ್ಲಿ ಹೇರಿಕೊಂಡು ಬಂದು ದೋಣಿಯಲ್ಲಿ ಕೂಡಿಸಿದ. ನೀರು ತಳ್ಳುವ ರೆಕ್ಕೆಗಳನ್ನು ಊರ ಕಮ್ಮಾರ ಬಡಿದುಕೊಟ್ಟ. ಜನ್ಮವಿಡೀ ಕುಡಗೋಲು, ಕೊಡಲಿ ಬಡಿದವನು ಅವನು. ರೆಕ್ಕೆಗಳನ್ನು ಉಲ್ಟಾ ಬಾಗಿಸಿಬಿಟ್ಟ. ಹೀಗಾಗಿ ಲಾರಿ ಮುಂದೆ ಓಡುವ ಗೇರು ಹಾಕಿದರೆ ದೋಣಿ ಹಿಂದಕ್ಕೆ ಓಡುತ್ತಿತ್ತು! ರಿವರ್ಸ್ ಹಾಕಿದರೆ ಮುಂದೇನೋ ಹೋಗುತ್ತಿತ್ತು, ಆದರೆ ಬಾಣಂತಿಯ ನಡಿಗೆ, ಹೊಳೆಯ ಸೆಳವಿಗೆ ಸಾಲದು. ಬಿಚ್ಚಿ ಸರಿಮಾಡುವ ತನಕ ಹಬ್ಬ ಎಲ್ಲಿ ಕಾಯುತ್ತದೆ?

ಹಬ್ಬದ ಹಿಂದಿನ ದಿನ ಹೊಳೆಯ ಕಡೆಯಿಂದ ಗುಡುಗುಡು ಸದ್ದು. ನಾವೆಲ್ಲ ಓಡಿದೆವು. ನೋಡಿದರೆ, ಬೆನ್ನು ಮುಂದು ಮಾಡಿಕೊಂಡು ದೋಣಿ ಬರುತ್ತಿದೆ! ಅಪ್ಪ ಕತ್ತು ಹೊರಳಿಸಿಕೊಂಡು "ಬಾಜೂ ಸರೀರಿ, ಬ್ರೇಕ್ ಇಲ್ಲ!" ಎಂದು ಒದರುತ್ತಿದ್ದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ದಿಕ್ಕಾಪಾಲಾದರು. ದೋಣಿ ಕೆಸರಿಗೆ ಹೊಕ್ಕು ನಿಂತಿತು.

ಅತ್ತೆ ಬಂದು ದೋಣಿಯ ಅಂಚು ಹಿಡಿದರು. "ಏನ್ರಿ ಬೀಗರ, ಹೊಸಾ ಸೊಸೀನ ಹಿಂದಕ್ಕ ಎಳಕೊಂಡು ಹೋಗ್ತೀರೇನ್ರಿ? ಶುಭ ಅಲ್ಲ ಇದು. ನಾ ಕಳಸೂದಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. ಬಟ್ಟೆಯ ಗಂಟನ್ನು ದೋಣಿಯೊಳಗೆ ಒಗೆದು, ಹತ್ತಿ, ತವರಿನ ಕಡೆ ಮುಖ ಮಾಡಿ ಕೂತೆ. "ದೋಣಿ ಹೆಂಗರೆ ಹೋಗಲಿ. ನಾ ಮುಂದ ಮಾರಿ ಮಾಡೇ ಹೊಂಟೇನಿ. ಈಗೇನಂತೀರಿ?"

ಅತ್ತೆ ಅಂಚು ಹಿಡಿದ ಕೈ ಬಿಡಲಿಲ್ಲ. ಈಗ ಬೈಗುಳ ಶುರು ಎಂದುಕೊಂಡೆ.

"ನಮ್ಮಣ್ಣ ಸತ್ತ ಮ್ಯಾಲ ನನ್ನ ಕರಿಯಾಕ ಯಾರೂ ಬಂದೇ ಇಲ್ಲವ್ವಾ" ಎಂದರು.

ಅಯ್ಯೋ, ನನ್ನ ಕಣ್ಣು ತುಂಬಿ ಬಂತು. ಅಪ್ಪನಿಗೂ ಕೇಳಿಸಿತ್ತು. ರುಮಾಲು ಸರಿಮಾಡಿಕೊಂಡು, "ಖರೆ ಹೇಳ್ತೇನ್ರಿ, ನಿಮ್ಮನ್ನೂ ಕರಿಯಾಕ ಬಂದೇನಿ. ಏರ್ರಿ" ಎಂದ.

ಅತ್ತೆ ಹತ್ತಿ ನನ್ನ ಪಕ್ಕ ಕೂತು ಸೆರಗು ಬಿಗಿದರು. ದಂಡೆಯ ಮೇಲಿದ್ದ ನನ್ನ ಗಂಡ ಗಾಬರಿಯಾದ. "ಅವ್ವಾ, ರೊಟ್ಟಿ ಯಾರು ಬಡೀತಾರ?"

"ಹಿಟ್ಟು ಡಬ್ಬ್ಯಾಗ ಐತಿ!" ಎಂದು ಕೂಗಿದರು ಅತ್ತೆ. ಆಮೇಲೆ ಅಪ್ಪನ ಕಡೆ ನೋಡಿ ಮೆಲ್ಲಗೆ ಅಂದರು: "ನೀ ಗೇರ ಹಾಕು, ಅಣ್ಣಾ."